ಎರಡು ಪದದ ಹೆಸರು

ಉದ್ದದ ಪೋಸ್ಟ್ ಇದು. ಕಂಪ್ಯೂಟರ್ ವಿಷಯ ಅಂತ ಮುಂದಕ್ಕೆ ತಳ್ಳಬೇಡಿ. ಇದರಲ್ಲಿ ನಮ್ಮ ಕೇರಿ ಇದೆ, ಮನು ಇದ್ದಾನೆ, ಬಾಬಾಸಾಹೇಬರೂ ಇದ್ದಾರೆ.

ಸಂಘಟನೆಯ ಹಿರಿಯರು ಸಿಕ್ಕಾಗಲೆಲ್ಲ ಕೇಳ್ತಾರೆ, "ಟೇಕಲ್‌ನಿಂದ ದಿನಾ ರೈಲು ಹತ್ತಿ ಹೋಗ್ತೀಯಲ್ಲ, ಅಲ್ಲಿ ಏನಪ್ಪಾ ಮಾಡ್ತೀಯ?" ನಾನು ವೆಬ್‌ಸೈಟುಗಳ ಮುಂಭಾಗ ಕಟ್ಟೋನು. ಮಾಲೂರು ತಾಲ್ಲೂಕಿನವರಿಗೆ ಇಟ್ಟಿಗೆ ಭಾಷೇಲಿ ಹೇಳಿದ್ರೆ ಬೇಗ ಅರ್ಥ ಆಗುತ್ತೆ. ಒಂದು ವೆಬ್‌ಸೈಟ್ ಅಂದ್ರೆ ಒಂದೇ ಬಂಡೆಯಲ್ಲಿ ಕೆತ್ತಿದ್ದಲ್ಲ. ಬಟನ್ ಒಂದು, ಮೇಲಿನ ಪಟ್ಟಿ ಒಂದು, ಹೆಸರು ತುಂಬೋ ಫಾರಂ ಒಂದು, ಹಿಂಗೆ ಸಣ್ಣ ಸಣ್ಣ ಇಟ್ಟಿಗೆ ಮಾಡಿಟ್ಟುಕೊಂಡು ಜೋಡಿಸ್ತೀವಿ. ಆ ಇಟ್ಟಿಗೆಗೆ ಕಾಂಪೊನೆಂಟ್ ಅಂತ ಹೆಸರು. ನಮ್ಮ ಕಡೆ ಇಟ್ಟಿಗೆ ಮೇಲೆ ಗೂಡಿನವರ ಅಕ್ಷರ ಒತ್ತಿರ್ತಾರಲ್ಲ, ಹಾಗೇ ಪ್ರತಿ ಕಾಂಪೊನೆಂಟಿಗೂ ಒಂದು ಹೆಸರಿರಬೇಕು.

ಗೂಡಿನಿಂದ ಇಟ್ಟಿಗೆ ಇಳಿಸುವಾಗ ಒಬ್ಬರು ನಿಂತು ತಟ್ಟಿ ನೋಡ್ತಾರೆ. ಟಣ್ ಅಂದ್ರೆ ಲೋಡಿಗೆ, ಮೊದ್ದು ಸದ್ದು ಬಂದ್ರೆ ಪಕ್ಕಕ್ಕೆ. ನಮ್ಮ ಕೆಲಸದಲ್ಲಿ ಹಾಗೆ ತಟ್ಟಿ ನೋಡೋದಕ್ಕೆ ಒಂದು ಪ್ರೋಗ್ರಾಂ ಇದೆ, ಅದು ಲಿಂಟರ್. ಬಟ್ಟೆ ಮೇಲೆ ಕೂತಿರೋ ನೂಲಿನ ಜೂಲಿಗೆ ಇಂಗ್ಲಿಷಲ್ಲಿ ಲಿಂಟ್ ಅಂತಾರೆ. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಯ ಕೋಡಿನಲ್ಲಿರೋ ಇಂಥ ಜೂಲು ಹೆಕ್ಕೋ ಪ್ರೋಗ್ರಾಂ ಬರೆದು ಅದೇ ಹೆಸರಿಟ್ಟ. ನಾವು ಈಗ ಜಾವಾಸ್ಕ್ರಿಪ್ಟಿಗೆ ಬಳಸೋದು ಈಎಸ್‌ಲಿಂಟ್. ನಿಕೊಲಸ್ ಜಾಕಸ್ ಅನ್ನೋರು 2013ರಲ್ಲಿ ಶುರು ಮಾಡಿದ್ದು.

ಇದರ ಗುಣ ಏನಂದ್ರೆ, ಯಾವುದು ತಪ್ಪು ಅಂತ ಅದೇ ತೀರ್ಮಾನ ಮಾಡಲ್ಲ. ಪ್ರಾಜೆಕ್ಟಿನಲ್ಲಿ ಒಂದು ಕಾನ್ಫಿಗ್ ಫೈಲ್ ಇರುತ್ತೆ. ಅದರಲ್ಲಿ ಒಂದೊಂದು ನಿಯಮದ ಮುಂದೆಯೂ ಆಫ್, ವಾರ್ನ್, ಎರರ್ ಅಂತ ಮೂರರಲ್ಲಿ ಒಂದು ಬರೀಬೇಕು. ಬೇಕಾದ್ರೆ 0, 1, 2 ಅಂತ ಹಾಕಿದ್ರೂ ನಡೆಯುತ್ತೆ. ಸೊನ್ನೆ ಹಾಕಿದ್ರೆ ನಿಯಮ ಮಲಗಿರುತ್ತೆ. ಒಂದು ಹಾಕಿದ್ರೆ ಗೊಣಗುತ್ತೆ, ಆದ್ರೆ ತಡೆಯಲ್ಲ. ಎರಡು ಹಾಕಿದ್ರೆ ಲಿಂಟ್ ಪರೀಕ್ಷೆಯಲ್ಲಿ ಫೇಲ್, ನಿನ್ನ ಕೋಡು ಒಳಗೆ ಬರಂಗಿಲ್ಲ. ಈ ಮೂರು ಮಟ್ಟ ನಮ್ಮ ಜನಕ್ಕೆ ಹೊಸದೇನಲ್ಲ ಬಿಡಿ. ನಮ್ಮದೇ ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರಲ್ಲಿ ದೇವರ ಕೋಲು ಮುಟ್ಟಿದ ಅಂತ ಒಬ್ಬ ಹುಡುಗನ ಮನೆಯವರಿಗೆ 60 ಸಾವಿರ ದಂಡ ಹಾಕಿದ್ರಲ್ಲ, ಊರಿನ ಕಾನ್ಫಿಗ್‌ನಲ್ಲಿ ಮುಟ್ಟೋದರ ಮುಂದೆ ಎರಡು ಅಂತ ಬರೆದಿತ್ತು. 1989ರ ದೌರ್ಜನ್ಯ ತಡೆ ಕಾಯ್ದೆ ಮುಂದೆ ಎಷ್ಟೋ ಸ್ಟೇಷನ್‌ಗಳಲ್ಲಿ ಇವತ್ತಿಗೂ ಒಂದೇ ಬರೆದಿರೋದು.

ವಿಷಯಕ್ಕೆ ಬರ್ತೀನಿ. ಭಾನುವಾರ ನಮ್ಮ ಕೇರಿಯ ಒಂದಷ್ಟು ಹುಡುಗ ಹುಡುಗಿಯರಿಗೆ ವೆಬ್ ಕೆಲಸ ಹೇಳಿಕೊಡ್ತೀನಿ. ಪಿಯುಸಿ ಮುಗಿಸಿದೋರು, ಡಿಪ್ಲೊಮಾ ಮಾಡ್ತಿರೋರು. ಸುಮ್ನೆ ಪಾಠ ಮಾಡಿದ್ರೆ ನಿದ್ದೆ ಬರುತ್ತೆ ಅಂತ ಒಂದು ನಿಜವಾದ ಕೆಲಸ ಹಿಡಿದ್ವಿ. ಟೇಕಲ್ ಸುತ್ತಮುತ್ತಲ ಊರುಗಳಲ್ಲಿ ಒಂದೊಂದು ಕೇರಿಗೂ ಎಷ್ಟು ನಲ್ಲಿ, ಬೀದಿದೀಪ ಉರಿಯುತ್ತಾ ಇಲ್ಲವಾ, ಸ್ಮಶಾನಕ್ಕೆ ಜಾಗ ಇದೆಯಾ, ಚರಂಡಿ ಎಲ್ಲಿಗೆ ಬಂದು ನಿಂತಿದೆ, ಇಷ್ಟನ್ನೂ ಒಂದು ಪುಟದಲ್ಲಿ ಹಾಕೋದು. ಎಸ್‌ಸಿಎಸ್‌ಪಿ ಕಾಯ್ದೆ 2013ರಲ್ಲೇ ಆಯ್ತು. ದುಡ್ಡು ಎಲ್ಲಿಗೆ ಬಂತು ಎಲ್ಲಿಗೆ ಬರಲಿಲ್ಲ ಅಂತ ಅಧಿಕಾರಿಗಳ ಮುಂದೆ ಇಡೋಕೆ ಕೈಯಲ್ಲಿ ಲೆಕ್ಕ ಬೇಕಲ್ಲ, ಅದಕ್ಕೆ.

ವ್ಯೂ ಅನ್ನೋ ಫ್ರೇಮ್‌ವರ್ಕ್‌ನಲ್ಲಿ ಕಟ್ಟೋಕೆ ಶುರು ಮಾಡಿದ್ವಿ. ಒಂದು ಕೇರಿಯ ವಿವರ ತೋರಿಸೋ ಕಾರ್ಡ್ ಬೇಕು. ಒಬ್ಬ ಹುಡುಗಿ ಕಾಂಪೊನೆಂಟ್ ಮಾಡಿ ಇಂಗ್ಲಿಷ್ ಅಕ್ಷರದಲ್ಲಿ "ಕೇರಿ" ಅಂತ ಹೆಸರಿಟ್ಟಳು. ಕೆಳಗೆ ಕೆಂಪು ಗೆರೆ ಬಂತು. ಕಾಂಪೊನೆಂಟಿನ ಹೆಸರಲ್ಲಿ ಯಾವಾಗಲೂ ಒಂದಕ್ಕಿಂತ ಹೆಚ್ಚು ಪದ ಇರಬೇಕು ಅಂತ ಲಿಂಟರ್ ತಕರಾರು.

ಈ ನಿಯಮ ಈಎಸ್‌ಲಿಂಟಿನ ವ್ಯೂ ಪ್ಲಗಿನ್‌ನಲ್ಲಿ ಇದೆ. 2021ರಲ್ಲಿ ಬಂದ ಎಂಟನೇ ಆವೃತ್ತಿಯಿಂದ ಅತ್ಯಗತ್ಯ ಅನ್ನೋ ಪಟ್ಟಿಗೆ ಸೇರಿಸಿದ್ರು. ಅದಕ್ಕೆ ಮುಂಚೆ ಸಲೀಸಾಗಿ ಓಡ್ತಿದ್ದ ಎಷ್ಟೋ ಪ್ರಾಜೆಕ್ಟುಗಳು ಅಪ್‌ಡೇಟ್ ಮಾಡಿದ ದಿನ ಕೆಂಪಗಾದವು. ಹೋಮ್, ಲಾಗಿನ್, ಹೆಡರ್ ಅಂತ ಒಂದೇ ಪದದ ಹೆಸರಿಟ್ಟವರೆಲ್ಲ ತಲೆ ಕೆರೆದುಕೊಂಡ್ರು. ನಿಯಮಕ್ಕೆ ಕಾರಣ ಇಲ್ಲದೇ ಇಲ್ಲ, ಅದನ್ನೂ ಹೇಳಬೇಕು. ಎಚ್‌ಟಿಎಂಎಲ್‌ನ ಟ್ಯಾಗುಗಳೆಲ್ಲ ಒಂದೇ ಪದದವು. ನಾವು "ಟೇಬಲ್" ಅಂತ ಕಾಂಪೊನೆಂಟ್ ಮಾಡಿದ್ರೆ ಬ್ರೌಸರಿನ ಟೇಬಲ್ ಯಾವುದು ನಮ್ಮ ಟೇಬಲ್ ಯಾವುದು ಅಂತ ಗೊಂದಲ ಆಗಬಹುದು. ಈಗ ಇಲ್ಲದ ಟ್ಯಾಗು ನಾಳೆ ಬರಬಹುದು. ಎರಡು ಪದ ಇದ್ರೆ ಆ ತಾಪತ್ರಯ ಇಲ್ಲ. ಎಲ್ಲಕ್ಕೂ ಮೇಲೆ ಕೂರೋ "ಆಪ್" ಅನ್ನೋ ಕಾಂಪೊನೆಂಟಿಗೆ ಮಾತ್ರ ವಿನಾಯಿತಿ. (ಮೇಲೆ ಕೂತವರಿಗೆ ವಿನಾಯಿತಿ ಎಲ್ಲ ಕಡೆಯೂ ಇದ್ದದ್ದೇ.)

ಇದನ್ನೆಲ್ಲ ವಿವರಿಸ್ತಿದ್ದೆ. ಹಿಂದಿನ ಸಾಲಿನ ಹುಡುಗ ಒಬ್ಬ ಕೈ ಎತ್ತಿದ. "ಅಣ್ಣಾ, ಎರಡು ಪದ ತಾನೇ ಬೇಕು? ಹೊಲಗೇರಿ ಅಂತ ಮಡಗ್ಲಾ?"

ಎಲ್ಲರೂ ಜೋರಾಗಿ ನಕ್ಕರು. ಆಮೇಲೆ ಸುಮ್ಮನಾದ್ರು. ಒಬ್ಬಳು ಮಾತ್ರ ಅದನ್ನ ಟೈಪ್ ಮಾಡೇಬಿಟ್ಟಳು. ಎಲ್ಲ ಅಕ್ಷರ ಸೇರಿಸಿ ಬರೆದಾಗ ಕೆಂಪು ಗೆರೆ ಹೋಗಲಿಲ್ಲ. ಯಾಕಂದ್ರೆ ಲಿಂಟರಿಗೆ ಪದ ಎರಡು ಅಂತ ಗೊತ್ತಾಗೋದು ನಡುವೆ ದೊಡ್ಡ ಅಕ್ಷರವೋ ಅಡ್ಡಗೆರೆಯೋ ಇದ್ದಾಗ ಮಾತ್ರ. "ಗೇರಿ"ಯ ಮೊದಲ ಅಕ್ಷರ ದೊಡ್ಡದು ಮಾಡಿದಳು, ಕೆಂಪು ಮಾಯ. ಕನ್ನಡದಲ್ಲೇ ಬರೆದ್ರೆ ಏನಾಗುತ್ತೆ ಅಂತ ಇನ್ನೊಬ್ಬ ಕೇಳಿದ. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರ ಸಣ್ಣ ಅಕ್ಷರ ಅನ್ನೋ ಭೇದ ಇಲ್ವಲ್ಲಪ್ಪಾ ಅಂದೆ. ಮಾತಾಡೋ ಜನದಲ್ಲಿ ಇದೆ, ಅಕ್ಷರದಲ್ಲಿ ಇಲ್ಲ.

ಮಕ್ಕಳು ಬಿಡಲಿಲ್ಲ. ಆಟ ಶುರುವಾಯ್ತು. ಒಬ್ಬ "ಎಕೆ ಕಾಲೋನಿ" ಅಂತ ಇಟ್ಟ, ಪಾಸ್. "ಹರಿಜನ ಕಾಲೋನಿ", ಪಾಸ್. ಹರಿಜನ ಅನ್ನೋ ಪದ ಬಳಸಬೇಡಿ ಅಂತ ಕೇಂದ್ರ ಸರ್ಕಾರ 1982ರಲ್ಲೇ ಸುತ್ತೋಲೆ ಕಳಿಸಿದೆ, ಲಿಂಟರಿಗೆ ಅದು ತಲುಪಿಲ್ಲ. "ಭೀಮ ನಗರ", ಅದೂ ಪಾಸ್. ಅಂದ್ರೆ ಬೈಗುಳನೂ ಪಾಸು, ಗೌರವನೂ ಪಾಸು, ಒಂದೇ ಪದದ ಕೇರಿ ಮಾತ್ರ ಫೇಲು. ಮೆಷೀನು ಆಕಾರ ನೋಡುತ್ತೆ, ಅರ್ಥ ನೋಡಲ್ಲ.

ಅವತ್ತು ರಾತ್ರಿ ಮನೆಗೆ ಬಂದು ನಾನು ಶೆಲ್ಫಿನಿಂದ ತೆಗೆದಿದ್ದು ಮನುಸ್ಮೃತಿ. ಎರಡನೇ ಅಧ್ಯಾಯ, 31 ಮತ್ತು 32ನೇ ಶ್ಲೋಕ. ಸಂಗಾತಿಗಳು ತೆಗೆದು ನೋಡಿ. ಮಗುವಿಗೆ ಹೆಸರಿಡೋ ನಿಯಮ ಅಲ್ಲಿದೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದ್ದು ಬಲ ತೋರಿಸಬೇಕು, ವೈಶ್ಯನದ್ದು ಧನ, ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸೋ ಹಾಗಿರಬೇಕು. ಅಲ್ಲಿಗೇ ಮುಗಿಯಲ್ಲ. ಮುಂದಿನ ಶ್ಲೋಕ ಹೆಸರಿನ ಎರಡನೇ ಭಾಗಕ್ಕೆ. ಮೊದಲನೆಯವನಿಗೆ ಸುಖ ಸೂಚಿಸೋದು, ಎರಡನೆಯವನಿಗೆ ರಕ್ಷಣೆ, ಮೂರನೆಯವನಿಗೆ ಸಮೃದ್ಧಿ, ನಾಲ್ಕನೆಯವನಿಗೆ ಸೇವೆ. ಎರಡು ಪದದ ಹೆಸರು! ಈಎಸ್‌ಲಿಂಟ್ ಹುಟ್ಟೋಕೆ ಸಾವಿರಾರು ವರ್ಷ ಮುಂಚೆಯೇ ನಮ್ಮ ದೇಶದಲ್ಲಿ ಹೆಸರಿನ ಲಿಂಟರ್ ಇತ್ತು, ಅದೂ ಅರ್ಥ ನೋಡಿ ತಡೆಯೋ ಲಿಂಟರ್. ನಮ್ಮ ಜನ ಆ ನಾಲ್ಕರ ಪಟ್ಟಿಯಲ್ಲೂ ಇಲ್ಲ, ಫೋಲ್ಡರಿನಿಂದಲೇ ಹೊರಗೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಸುಟ್ಟಿದ್ದು ಇದೇ ಕಾನ್ಫಿಗ್ ಫೈಲನ್ನ.

ಪುಸ್ತಕ ಸುಟ್ಟರೂ ಊರಿನ ನಾಲಿಗೆ ಮೇಲೆ ಅದು ಓಡ್ತಾನೇ ಇತ್ತು. ನಮ್ಮ ಕೋಲಾರ ಸೀಮೆಯಲ್ಲಿ ಮುನೇಶ್ವರನ ಹೆಸರು ಎಲ್ಲ ಜಾತಿಯವರೂ ಇಡ್ತಾರೆ. ಮುನಿಯಪ್ಪ ಅನ್ನೋರು ಎಲ್ಲ ಬೀದಿಯಲ್ಲೂ ಸಿಗ್ತಾರೆ. ಆದ್ರೆ ಊರೊಳಗೆ ಅವರು ಮುನಿಯಪ್ಪನವರು, ಕೇರಿಗೆ ಬಂದಾಗ ಅದೇ ಹೆಸರು ಮುನಿಗ. ಅಪ್ಪ ಉದುರಿ ಹೋಗುತ್ತೆ. ತೆಲುಗು ಮನೆಯ ಯಜಮಾನ ಆದ್ರೆ "ಒರೇ ಮುನಿಗಾ". ಎಪ್ಪತ್ತು ವರ್ಷದ ಮುದುಕರನ್ನ ಹತ್ತು ವರ್ಷದ ಹುಡುಗ ಹಾಗೆ ಕರೆಯೋದನ್ನ ನನ್ನ ಕಿವಿಯಲ್ಲಿ ಕೇಳಿದ್ದೀನಿ. ರೇಷನ್ ಕಾರ್ಡಿನಲ್ಲಿ, ವೋಟರ್ ಲಿಸ್ಟಿನಲ್ಲಿ ಆ ಕತ್ತರಿಸಿದ ಹೆಸರೇ ಕೂತುಬಿಟ್ಟ ಅಜ್ಜಂದಿರು ಇನ್ನೂ ಇದ್ದಾರೆ.

ಈಗ ಇನ್ನೊಂದು ತಮಾಷೆ ನೋಡಿ. ಕಾಂಪೊನೆಂಟಿನ ಹೆಸರನ್ನ ಲಿಂಟರ್ ಪರೀಕ್ಷೆ ಮಾಡುತ್ತೆ, ಸರಿ. ಆ ಕಾಂಪೊನೆಂಟು ಪಾಸಾಗಿ ಹೊರಗೆ ಬಂದು ಮನುಷ್ಯರ ಹೆಸರನ್ನ ಪರೀಕ್ಷೆ ಮಾಡೋಕೆ ಶುರು ಮಾಡುತ್ತೆ. ನಮ್ಮಮ್ಮಂದು ಒಂದೇ ಪದದ ಹೆಸರು. ಒಂದು ಆನ್‌ಲೈನ್ ಫಾರಂ ತುಂಬೋವಾಗ "ಸರ್‌ನೇಮ್" ಅನ್ನೋ ಜಾಗ ಖಾಲಿ ಬಿಟ್ಟೆ, ಕೆಂಪು. ಚುಕ್ಕಿ ಇಟ್ಟೆ, ಕೆಂಪು. ಊರಿನ ಇನಿಷಿಯಲ್ ಒಂದಕ್ಷರ ಹಾಕಿದೆ, ಕನಿಷ್ಠ ಮೂರು ಅಕ್ಷರ ಬೇಕು ಅಂತು. ಕೊನೆಗೆ ಅಮ್ಮನ ಹೆಸರನ್ನೇ ಎರಡು ಸಲ ಬರೆದಾಗ ಹಸಿರು ಟಿಕ್ ಬಂತು. ಅಮ್ಮ ಸ್ಕ್ರೀನ್ ನೋಡಿ, "ನನ್ನನ್ನ ಯಾರೂ ಎರಡು ಸಲ ಕರೆದಿಲ್ಲಪ್ಪ, ಹತ್ತು ಸಲ ಕರೆದ್ರೂ ಬರ್ತಿದ್ದೆ" ಅಂದ್ರು. ಆ ಫಾರಂ ಬರೆದವರ ಲಿಂಟರ್ ಪೂರ್ತಿ ಹಸಿರಾಗೇ ಇದ್ದಿರುತ್ತೆ, ನನಗೆ ಅನುಮಾನವೇ ಇಲ್ಲ.

ಇದು ನಮ್ಮಮ್ಮ ಒಬ್ಬರ ಗೋಳಲ್ಲ. 2022ರ ನವೆಂಬರ್‌ನಲ್ಲಿ ಯುಎಇ ಸರ್ಕಾರ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರನ್ನ ವಿಸಿಟ್ ವೀಸಾ ಮೇಲೆ ಒಳಗೆ ಬಿಡಲ್ಲ ಅಂತು. ಅಮೆರಿಕಾ ವೀಸಾದಲ್ಲಿ ಒಂದೇ ಹೆಸರಿದ್ರೆ ಅದನ್ನ ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರು ಗೊತ್ತಿಲ್ಲ ಅಂತ ಮೂರಕ್ಷರ ಒತ್ತುತ್ತಾರೆ. ತಾಯಿ ಇಟ್ಟ ಹೆಸರು "ಗೊತ್ತಿಲ್ಲ"! ಪಕ್ಕದ ತಮಿಳುನಾಡಿನಲ್ಲಿ 1929ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನದಲ್ಲಿ ಪೆರಿಯಾರ್ ಮತ್ತು ಸಂಗಡಿಗರು ಜಾತಿಯ ಬಾಲ ಕತ್ತರಿಸಬೇಕು ಅಂತ ನಿರ್ಣಯ ಮಾಡಿದ್ರು. ಅಲ್ಲಿ ಹೋರಾಟ ಮಾಡಿ ಬಿಟ್ಟ ಬಾಲವನ್ನ ಇಲ್ಲಿ ಫಾರಂ ಕೇಳುತ್ತೆ. ಫಾರಂ ಮಾತ್ರ ಅಲ್ಲ, ಕ್ಯಾಂಟೀನಲ್ಲಿ ಪಕ್ಕ ಕೂತವರೂ ಕೇಳ್ತಾರೆ, "ಫುಲ್ ನೇಮ್ ಏನು ಬ್ರೋ?" ಅಂತ. ಇನಿಷಿಯಲ್ ಹೇಳಿದ್ರೆ ಬಿಡಿಸಿ ಹೇಳು ಅಂತಾರೆ. ಬಿಡಿಸಿದ್ರೆ ಊರು ಬರುತ್ತೆ, ಅವರಿಗೆ ಬೇಕಿರೋದು ಊರಲ್ಲ. ಬಾಬಾಸಾಹೇಬರ ಮನೆತನದ ಹೆಸರು ಸಕ್ಪಾಲ್, ಅಂಬೇಡ್ಕರ್ ಅನ್ನೋದಕ್ಕೆ ಮೂಲ ಅಂಬಡವೆ ಅನ್ನೋ ಊರು. ಊರಿನ ಹೆಸರು ಹೊತ್ತು ನಡೆಯೋದು ನಮಗೆ ಸಣ್ಣ ಮಾತಲ್ಲ. ಅಂದಹಾಗೆ ನಮ್ಮೂರು ನಮಗೆ ಟೇಕಲ್, ರೈಲ್ವೆಯವರ ಇಂಗ್ಲಿಷ್ ಬೋರ್ಡಿನಲ್ಲಿ ಟ್ಯಾಕಲ್. ಎರಡೂ ಒಂದೇ ಊರು ಅಂತ ಯಾವ ಲಿಂಟರಿಗೂ ಗೊತ್ತಾಗಲ್ಲ.

ಹೆಸರಿನ ನಿಯಮಗಳೇ ಬೇಡ ಅಂತ ನಾನು ಹೇಳ್ತಿಲ್ಲ. ಒಳಮೀಸಲಾತಿ ಸಮೀಕ್ಷೆ ನೆನಪಿದೆಯಲ್ಲ, 2025ರ ಮೇ ತಿಂಗಳಲ್ಲಿ ನಾಗಮೋಹನ್ ದಾಸ್ ಆಯೋಗದವರು ಮನೆ ಮನೆಗೆ ಬಂದಾಗ ನಾವೆಲ್ಲ ಬೀದಿ ಬೀದಿ ತಿರುಗಿ ಏನು ಹೇಳಿದ್ವಿ? ಎಕೆ, ಎಡಿ ಅಂತ ಬರೆಸಿ ಸುಮ್ಮನಾಗಬೇಡಿ, ಮೂಲ ಜಾತಿ ಬರೆಸಿ ಅಂತ. ಯಾಕಂದ್ರೆ ಒಂದು ಜಿಲ್ಲೆಯಲ್ಲಿ ಎಕೆ ಅಂದ್ರೆ ಹೊಲೆಯರು, ಇನ್ನೊಂದು ಜಿಲ್ಲೆಯಲ್ಲಿ ಅದೇ ಎಕೆ ಅಂದ್ರೆ ಮಾದಿಗರು. 101 ಜಾತಿಗಳ ಲೆಕ್ಕ ಹಾಕೋವಾಗ ಒಂದೇ ಹೆಸರಲ್ಲಿ ಇಬ್ಬರು ನಿಂತರೆ ಯಾರ ಪಾಲು ಯಾರಿಗೆ ಹೋಯ್ತು ಅಂತ ತಿಳಿಯೋದು ಹೇಗೆ? ಎರಡು ಟೇಬಲ್‌ಗಳ ಗೊಂದಲವೇ ಇದು. ನಮ್ಮದು ಬಾಯಲ್ಲಿ ಹೇಳೋಕೆ ಹಿಂಜರಿಯೋ ಹೆಸರು ಆಗಿದ್ರೂ, ಫಾರಂನಲ್ಲಿ ಅದು ನಿಖರವಾಗಿ ಕೂರಬೇಕು ಅಂತ ನಾವೇ ಹಟ ಮಾಡಿದ್ವಿ. ಮಕ್ಕಳಿಗೆ ಈ ಉದಾಹರಣೆ ಕೊಟ್ಟ ಮೇಲೆ ಎರಡು ಪದದ ನಿಯಮ ಯಾಕೆ ಇದೆ ಅಂತ ಥಟ್ಟನೆ ಅರ್ಥ ಆಯ್ತು.

ಆಫೀಸಿನ ಕಥೆ ಇನ್ನೊಂದು. ಕಂಪನಿ ಹೆಸರು ಬೇಡ. ಅಲ್ಲಿ ಬ್ಲಾಕ್ ಮಾಡಿದ ಬಳಕೆದಾರರನ್ನ ತೋರಿಸೋ ಒಂದು ಕಾಂಪೊನೆಂಟ್ ಇತ್ತು. ಅದರ ಹೆಸರು "ಪರಾಯ ಲಿಸ್ಟ್", ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ. ಎರಡು ಪದ, ಎರಡಕ್ಕೂ ದೊಡ್ಡ ಅಕ್ಷರ, ಲಿಂಟರ್ ಹಸಿರು. ಇಂಗ್ಲಿಷಿನವರಿಗೆ ಅದು ಬಹಿಷ್ಕೃತ ಅನ್ನೋ ಅರ್ಥದ ಸಾಮಾನ್ಯ ಪದ. ಎಲ್ಲಿಂದ ಬಂತು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪರೈ ಬಾರಿಸೋ ಪರೈಯರ್ ಅನ್ನೋ ತಮಿಳು ಜಾತಿಯ ಹೆಸರೇ ಅದು. ನಮ್ಮ ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚೋವರೆಗೂ ಭೂಮಿ ಒಳಗೆ ಇಳಿದು ಚಿನ್ನ ತೆಗೆದವರಲ್ಲಿ ಆ ಜನ ಎಷ್ಟಿದ್ರು ಅಂತ ಬಂಗಾರಪೇಟೆ ರೈಲಿನಲ್ಲಿ ಓಡಾಡೋರಿಗೆ ಗೊತ್ತು.

ಬ್ಲ್ಯಾಕ್‌ಲಿಸ್ಟ್, ಮಾಸ್ಟರ್, ಸ್ಲೇವ್ ಅನ್ನೋ ಪದಗಳು ಆ ಕಂಪನಿಯಲ್ಲಿ ಮೊದಲೇ ನಿಷೇಧ ಆಗಿದ್ವು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆ ಆದಮೇಲೆ ಕಪ್ಪು ಜನರ ಹೋರಾಟದ ಬಿಸಿ ಸಾಫ್ಟ್‌ವೇರಿಗೂ ತಟ್ಟಿತು. ಗಿಟ್‌ಹಬ್ ಆ ಅಕ್ಟೋಬರ್ 1ರಿಂದ ಹೊಸ ಪ್ರಾಜೆಕ್ಟುಗಳ ಮೂಲ ಶಾಖೆಗೆ ಮಾಸ್ಟರ್ ಬದಲು ಮೇನ್ ಅಂತ ಹೆಸರಿಟ್ಟಿತು. ಈಎಸ್‌ಲಿಂಟಿನ ಒಳಗೇ ಇದ್ದ ಒಂದು ನಿಯಮದ ಹೆಸರಲ್ಲಿ ಬ್ಲ್ಯಾಕ್‌ಲಿಸ್ಟ್ ಅಂತಿತ್ತು, ಅದನ್ನೂ ಅದೇ ವರ್ಷ ಡಿನೈಲಿಸ್ಟ್ ಅಂತ ಬದಲಾಯಿಸಿದ್ರು. ಕಪ್ಪು ಸೋದರರಿಗೆ ನಮಸ್ಕಾರ. ಅದೇ ವರ್ಷದ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆ ಸಿಸ್ಕೊ ಕಂಪನಿ ಮೇಲೆ ಜಾತಿ ತಾರತಮ್ಯದ ಕೇಸು ಹಾಕಿತ್ತು. ಇಬ್ಬರು ಮ್ಯಾನೇಜರುಗಳ ಮೇಲಿನ ಕೇಸನ್ನ 2023ರಲ್ಲಿ ಕೈಬಿಟ್ಟರು ಅನ್ನೋದನ್ನೂ ಹೇಳಬೇಕು. ಆದ್ರೆ ಜಾತಿ ಅನ್ನೋ ಪದ ಆ ಕಟ್ಟಡಗಳ ಒಳಗೆ ಮೊದಲ ಸಲ ಜೋರಾಗಿ ಕೇಳಿಸಿದ್ದು ಆಗಲೇ.

ನಾನು ಲಿಂಟ್ ಕಾನ್ಫಿಗ್‌ಗೆ ಒಂದು ಸಾಲು ಸೇರಿಸಿ ಕಳಿಸಿದೆ. ಕೆಲಸ ಗೊತ್ತಿರೋ ಸಂಗಾತಿಗಳಿಗೆ ಒಂದು ಟಿಪ್ಪಣಿ: ಡಿನೈಲಿಸ್ಟ್ ನಿಯಮ ಪೂರ್ತಿ ಹೆಸರು ಒಂದೇ ಆಗಿದ್ರೆ ಮಾತ್ರ ಹಿಡಿಯುತ್ತೆ. "ಪರಾಯ" ಅಂತ ಹಾಕಿದ್ರೆ "ಪರಾಯ ಲಿಸ್ಟ್" ತಪ್ಪಿಸಿಕೊಳ್ಳುತ್ತೆ. ಸಿಂಟ್ಯಾಕ್ಸ್ ನಿರ್ಬಂಧಿಸೋ ನಿಯಮದಲ್ಲಿ ರೆಗೆಕ್ಸ್ ಬರೆದ್ರೆ ಹೆಸರಿನ ಯಾವ ಮೂಲೆಯಲ್ಲಿದ್ರೂ ಸಿಗುತ್ತೆ.

ಸ್ಲೇವ್ ಪದ ತೆಗೆಯೋಕೆ ಮೇಲಿನಿಂದ ಒಂದು ಮೇಲ್ ಬಂದಿತ್ತು, ಹತ್ತು ನಿಮಿಷದಲ್ಲಿ ಆಗಿತ್ತು. ನನ್ನ ಒಂದು ಸಾಲಿಗೆ ಮೂರು ವಾರ ಹಿಡೀತು. "ಡಿಕ್ಷನರಿಯಲ್ಲಿರೋ ಪದ ಇದು." "ನಮ್ಮ ಟೀಮಲ್ಲಿ ಯಾರಿಗೂ ನೋವಾಗಿಲ್ವಲ್ಲ." "ಇಲ್ಲಿ ಜಾತಿ ಯಾಕೆ ತರ್ತೀರ?" ಜಾತಿಯ ಹೆಸರನ್ನ ಕೋಡಿನೊಳಗೆ ತಂದವರು ಯಾರು ಅಂತ ಕೇಳಿದೆ, ಅದಕ್ಕೆ ಯಾರೂ ಉತ್ತರ ಬರೆಯಲಿಲ್ಲ. ಕೊನೆಗೆ ಆ ಕಾಂಪೊನೆಂಟಿನ ಹೆಸರು ಬದಲಾಯ್ತು. ನಿಯಮ ಕೂಡ ಒಳಗೆ ಬಂತು, ಆದ್ರೆ ಎರರ್ ಅಂತ ಅಲ್ಲ, ವಾರ್ನ್ ಅಂತ. ಬ್ಲ್ಯಾಕ್‌ಲಿಸ್ಟ್ ಬರೆದವನ ಕೋಡು ತಡೆಯುತ್ತೆ, ಪರಾಯ ಬರೆದವನ ಕೋಡು ಗೊಣಗುತ್ತಾ ಒಳಗೆ ಬಿಡುತ್ತೆ. ಒಂದನ್ನ ಎರಡು ಮಾಡಬೇಕು ಅಂತ ಪ್ರತಿ ತ್ರೈಮಾಸಿಕದಲ್ಲೂ ಕೇಳ್ತಿದ್ದೀನಿ. ಮುಂದಿನ ಸಲವೂ ಕೇಳ್ತೀನಿ.

ಇನ್ನು ನಮ್ಮ ಮಕ್ಕಳ ಪ್ರಾಜೆಕ್ಟು ಏನಾಯ್ತು ಅಂತ ಹೇಳಬೇಕಲ್ಲ. ಮೂರು ಭಾನುವಾರ ವಾದ ಆಯ್ತು. ಸಂಘಟನೆಯ ಹಿರಿಯಣ್ಣ ಒಬ್ಬರು ಬಂದು, "ಕೇರಿ ಅನ್ನೋದನ್ನೇ ತೆಗೀರಪ್ಪ, ಎಷ್ಟು ದಿನ ಹೊರ್ತೀರ ಅದನ್ನ" ಅಂದ್ರು. ಅವರ ಮಾತಿಗೂ ತೂಕ ಇದೆ. ಮಹಾರಾಷ್ಟ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಜಾತಿ ಹೆಸರಿನ ವಸತಿಗಳ ಹೆಸರು ಬದಲಾಯಿಸೋಕೆ ತೀರ್ಮಾನ ಮಾಡಿತು, ಸಮತಾ ನಗರ, ಭೀಮ ನಗರ ಅಂತ. ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಕಾಲೋನಿ ಅನ್ನೋ ಪದವನ್ನೇ ಸರ್ಕಾರಿ ದಾಖಲೆಯಿಂದ ತೆಗೀತೀವಿ ಅಂತು. ಆದ್ರೆ ಮೊದಲು ಕೆಂಪು ಗೆರೆ ನೋಡಿದ ಆ ಹುಡುಗಿ ಒಪ್ಪಲಿಲ್ಲ. "ಹೆಸರು ಸಮತಾ ನಗರ ಅಂತ ಇಟ್ಟು ನಲ್ಲಿ ಸೊನ್ನೆ ಅಂತ ತೋರಿಸಿದ್ರೆ ಆಫೀಸರಿಗೆ ಏನು ಅರ್ಥ ಆಗುತ್ತೆ ಅಣ್ಣಾ? ನಾವು ಕೇರಿ ಅಂತಾನೇ ಕರೆಯೋದು. ಬೈಯೋದಕ್ಕೆ ಹೊಲ ಸೇರಿಸಿದ್ದು ಅವರು, ಕೇರಿ ನಮ್ಮದು."

ಹಿರಿಯಣ್ಣ ಪೂರ್ತಿ ಒಪ್ಪಿಲ್ಲ, ಈಗಲೂ ಗೊಣಗ್ತಾರೆ. ನಾನು ಹುಡುಗಿ ಕಡೆ. ಓಟು ಹಾಕಿಸಿದ್ವಿ. ಎರಡು ಪದದ ನಿಯಮ ಎರರ್ ಆಗೇ ಇರಲಿ, ಅದು ಒಳ್ಳೇ ಅಭ್ಯಾಸ, ನಾಳೆ ಇಂಟರ್‌ವ್ಯೂನಲ್ಲೂ ಕೇಳ್ತಾರೆ. ಆ ನಿಯಮಕ್ಕೆ "ಇಗ್ನೋರ್ಸ್" ಅಂತ ಒಂದು ವಿನಾಯಿತಿ ಪಟ್ಟಿ ಕೊಡಬಹುದು. ಅದರಲ್ಲಿ ಒಂದೇ ಒಂದು ಹೆಸರು ಬರೆದ್ವಿ: ಕೇರಿ. ಅದರ ಕೆಳಗೆ ರೆಗೆಕ್ಸ್ ಸಾಲಿನಲ್ಲಿ ಹೊಲಗೇರಿ, ಹರಿಜನ, ಪರಾಯ, ಮೂರಕ್ಕೂ ಎರರ್. ಗೊಣಗೋ ಎರರ್ ಅಲ್ಲ, ತಡೆಯೋ ಎರರ್. ಟೈಪ್ ಮಾಡಿದ್ದು ಹಿಂದಿನ ಸಾಲಿನ ಆ ಹುಡುಗನೇ.

ಪುಟದಲ್ಲಿ ಈಗ 14 ಕೇರಿಗಳ ವಿವರ ಬಂದಿದೆ, 5 ಕಡೆ ಸ್ಮಶಾನದ ಜಾಗದ ಮುಂದೆ "ಇಲ್ಲ" ಅಂತಿದೆ. ನಿಮ್ಮ ಊರಿನದ್ದು ಸೇರಿಸಬೇಕಾದ್ರೆ ಇನ್‌ಬಾಕ್ಸಿಗೆ ಬನ್ನಿ, ನಲ್ಲಿ ಲೆಕ್ಕ ಎಣಿಸಿಕೊಂಡು ಬನ್ನಿ, ಅಂದಾಜು ಬೇಡ. ಎಂಟು ಮಕ್ಕಳಿಗೆ ಮೂರೇ ಲ್ಯಾಪ್‌ಟಾಪ್ ಇರೋದು. ಯಾರ ಹತ್ರನಾದ್ರೂ ಹಳೇದು ಇದ್ರೆ, ಬ್ಯಾಟರಿ ಹೋಗಿದ್ರೂ ಪರವಾಗಿಲ್ಲ, ಚಾರ್ಜರ್ ಜೊತೆಗೆ ಕೊಡಿ. ಸಂಜೆ ರೈಲಿಗೆ ಬರೋರು ಟೇಕಲ್ ಸ್ಟೇಷನ್ನಲ್ಲೇ ಕೊಟ್ಟು ಹೋಗಬಹುದು, ನಾನು ಬಂದು ತಗೋತೀನಿ.